ಕೆಲಸವೇನೆಂದು ಕೇಳಿದ ವೈದ್ಯ: ಬರ್ನಾರ್ದಿನೋ ರಾಮಾಜ್ಜಿನಿ



ನವೆಂಬರ್ ತಿಂಗಳನ್ನು ಧರ್ಮಸಭೆ ಮೃತರಿಗಾಗಿ ಪ್ರಾರ್ಥಿಸುವ ತಿಂಗಳಾಗಿ ಮೀಸಲಿಟ್ಟಿದೆ. ಸಕಲ ಮೃತ ಭಕ್ತವಿಶ್ವಾಸಿಗಳ ಸ್ಮರಣೆಯ ದಿನಕ್ಕೆ ಮುಂಚೆ, ಪ್ರತಿ ವರ್ಷದಂತೆ ಈ ಸಲವೂ ನಾವು ಯುವಜನರು ಸಮಾಧಿ ಸ್ಥಳದ ಕಳೆ ಕಿತ್ತು, ಶಿಲುಬೆಗಳಿಗೆ ಸುಣ್ಣ ಬಳಿದೆವು. ಸುಣ್ಣ ಬಳಿಯುವಾಗ ಹೆಸರನ್ನೂ ವರ್ಷವನ್ನೂ ಓದುವುದು ಅಭ್ಯಾಸ. ಕೆಲವು ಗಂಡಸರು 40 ವಯಸ್ಸಿಗೇ, 45 ವಯಸ್ಸಿಗೇ ಹೋಗಿದ್ದರು. ಇವರಿಗೆ ಏನಾಗಿತ್ತೆಂದು ಜೊತೆಗಿದ್ದ ಹಿರಿಯರನ್ನು ಕೇಳಿದೆವು. ಒಬ್ಬೊಬ್ಬರ ಬಗ್ಗೆಯೂ ಹೆಚ್ಚುಕಡಿಮೆ ಅದೇ ಉತ್ತರ ಬಂತು. ಕ್ವಾರಿಯಲ್ಲಿ ಕೆಲಸಕ್ಕಿದ್ದರು, ಕೆಮ್ಮು ಹಿಡಿಯಿತು, ಟಿ.ಬಿ. ಅಂದರು, ಔಷಧಿ ತಿಂದರು, ವಾಸಿಯಾಗಲಿಲ್ಲ.

ಪ್ರತಿ ತಿಂಗಳೂ ಈ ಪುಟದಲ್ಲಿ ಒಬ್ಬ ಸಂತರ ಬದುಕನ್ನು ಓದುತ್ತೀರಿ. ಈ ಸಲ ನಾವು ಸಂತರೆಂದು ಘೋಷಿತರಾಗದ ಒಬ್ಬರ ಬದುಕನ್ನು ಬರೆಯುತ್ತಿದ್ದೇವೆ. ಅವರು ಇಟಲಿಯ ಕಥೋಲಿಕ ವೈದ್ಯರು, ಹೆಸರು ಬರ್ನಾರ್ದಿನೋ ರಾಮಾಜ್ಜಿನಿ. ಅವರು ತೀರಿಕೊಂಡದ್ದೂ ಇದೇ ನವೆಂಬರ್ ತಿಂಗಳಲ್ಲಿ, 300 ವರ್ಷಗಳಿಗೂ ಹಿಂದೆ. ನಮ್ಮ ಸಮಾಧಿ ಸ್ಥಳದಲ್ಲಿ ಮಲಗಿರುವ ಆ ಗಂಡಸರನ್ನು ಅವರು ಕಂಡವರಲ್ಲ. ಆದರೆ ಅವರಿಗೆ ಏನಾಗಿತ್ತೆಂಬುದನ್ನು ಆಗಲೇ ಬರೆದಿಟ್ಟಿದ್ದರು.

ಕಾರ್ಪಿಯ ಹುಡುಗ

ರಾಮಾಜ್ಜಿನಿಯವರು ಹುಟ್ಟಿದ್ದು 1633ರ ಅಕ್ಟೋಬರ್ 4ರಂದು, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ. ಉತ್ತರ ಇಟಲಿಯಲ್ಲಿ ಮೊದೆನಾ ಪಟ್ಟಣಕ್ಕೆ ಹತ್ತಿರದ ಕಾರ್ಪಿ ಅವರ ಊರು. ಅವರು ಹುಟ್ಟುವುದಕ್ಕೆ ಎರಡು ಮೂರು ವರ್ಷ ಮುಂಚೆಯಷ್ಟೇ ಆ ಸೀಮೆಯನ್ನೆಲ್ಲ ಪ್ಲೇಗ್ ಖಾಲಿ ಮಾಡಿ ಹೋಗಿತ್ತು. ಸಾವಿನ ನೆನಪು ಇನ್ನೂ ಹಸಿಯಾಗಿದ್ದ ಮನೆಗಳ ನಡುವೆ ಅವರು ಬೆಳೆದರು.

ಓದಿದ್ದು ಊರಿನಲ್ಲೇ ಇದ್ದ ಯೇಸುಸಭೆಯ ಗುರುಗಳ ಶಾಲೆಯಲ್ಲಿ. ಕನ್ನಡ ಕಥೋಲಿಕರಾದ ನಮಗೆ ಇಲ್ಲೊಂದು ನೆಂಟಸ್ತಿಕೆ ಉಂಟು. ಬಾಲಕ ಬರ್ನಾರ್ದಿನೋ ಕಾರ್ಪಿಯಲ್ಲಿ ಲ್ಯಾಟಿನ್ ಕಲಿಯುತ್ತಿದ್ದ 1640ರ ದಶಕದ ಕೊನೆಯಲ್ಲೇ, ಇಟಲಿಯಿಂದ ಬಂದಿದ್ದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಮಿಶನ್ ಆರಂಭಿಸಿದರು. ಒಂದೇ ಸಭೆಯ ಗುರುಗಳು ಅಲ್ಲಿ ಒಬ್ಬ ಹುಡುಗನಿಗೆ ಅಕ್ಷರ ಕಲಿಸುತ್ತಿದ್ದರು, ಇಲ್ಲಿ ನಮ್ಮ ಜನರಿಂದ ಅಕ್ಷರ ಕಲಿಯುತ್ತಿದ್ದರು.

19ನೇ ವಯಸ್ಸಿನಲ್ಲಿ ಬರ್ನಾರ್ದಿನೋ ಪಾರ್ಮಾ ವಿಶ್ವವಿದ್ಯಾಲಯಕ್ಕೆ ಹೋದರು. ಮೊದಲು ತತ್ವಶಾಸ್ತ್ರ ಓದಿ, ಆಮೇಲೆ ವೈದ್ಯಶಾಸ್ತ್ರಕ್ಕೆ ತಿರುಗಿದರು. 1659ರಲ್ಲಿ ಪದವಿ ಪಡೆದರು. ಪುಸ್ತಕದ ವಿದ್ಯೆ ಸಾಲದೆಂದು ರೋಮಿಗೆ ಹೋಗಿ ಅಲ್ಲಿಯ ಹಿರಿಯ ವೈದ್ಯರೊಬ್ಬರ ಬಳಿ ರೋಗಿಗಳನ್ನು ನೋಡುವುದನ್ನು ಕಲಿತರು. ಬಳಿಕ ರೋಮಿಗೆ ಉತ್ತರದ ಕನೀನೋ ಮತ್ತು ಮಾರ್ತಾ ಎಂಬ ಸಣ್ಣ ಊರುಗಳಿಗೆ ವೈದ್ಯರಾಗಿ ನೇಮಕಗೊಂಡರು.

ಅಲ್ಲಿ ಅವರನ್ನೇ ಮಲೇರಿಯಾ ಹಿಡಿಯಿತು. ಆ ಕಾಲದಲ್ಲಿ ಅದು ಕೆಟ್ಟ ಗಾಳಿಯ ಜ್ವರ ಎಂದಷ್ಟೇ ತಿಳಿದಿತ್ತು, ಸೊಳ್ಳೆಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಮೈ ಹಳದಿಯಾಗಿ, ಸೋತು, ಕೆಲಸ ಬಿಟ್ಟು ಕಾರ್ಪಿಗೆ ಮರಳಿದರು. ಒಂದು ಊರಿಗೆ ಹೊಟ್ಟೆಪಾಡಿಗೆಂದು ಹೋಗಿ, ಆ ಊರಿನ ಗಾಳಿಯಿಂದಲೇ ರೋಗ ತಂದುಕೊಳ್ಳುವುದು ಹೇಗಿರುತ್ತದೆ ಎಂಬುದನ್ನು ಅವರು ತಮ್ಮ ಮೈಯಲ್ಲೇ ಅನುಭವಿಸಿದರು. ಗುಣವಾದ ಮೇಲೆ ಮದುವೆಯಾಗಿ, ಊರಿನಲ್ಲಿ ಕೆಲವು ವರ್ಷ ವೈದ್ಯವೃತ್ತಿ ನಡೆಸಿ, 1670ರ ದಶಕದಲ್ಲಿ ಮೊದೆನಾ ಪಟ್ಟಣಕ್ಕೆ ಬಂದು ನೆಲೆಸಿದರು. 1682ರಲ್ಲಿ ಅಲ್ಲಿಯ ದೊರೆ ಅವರನ್ನು ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಿಸಿದರು. 1690ರಲ್ಲಿ ಅತಿಮಳೆ ಸುರಿದು ಬೆಳೆ ಕೆಟ್ಟು ಜ್ವರ ಹರಡಿದಾಗ, ಪಟ್ಟಣದವರಿಗಿಂತ ಮೊದಲು ಹಳ್ಳಿಯ ರೈತರು ಹಾಸಿಗೆ ಹಿಡಿದದ್ದನ್ನು ಗಮನಿಸಿ ಬರೆದರು. ಯಾರಿಗೆ ರೋಗ ಬಂತು, ಅವರು ಎಲ್ಲಿ ಬದುಕುತ್ತಾರೆ, ಏನು ಮಾಡುತ್ತಾರೆ ಎಂದು ನೋಡುವ ಕಣ್ಣು ಅವರಿಗೆ ಆಗಲೇ ಬಂದಿತ್ತು.

ಗುಂಡಿಗೆ ಇಳಿದವನ ಅವಸರ

ಅವರ ಬದುಕನ್ನು ತಿರುಗಿಸಿದ ಘಟನೆ ನಡೆದದ್ದು ಅವರ ಮನೆಯಲ್ಲೇ. ಮೊದೆನಾದಲ್ಲಿ ಮನೆಗಳು ಒತ್ತೊತ್ತಾಗಿದ್ದು, ಪ್ರತಿ ಮನೆಯ ಕಕ್ಕಸು ಗುಂಡಿಯನ್ನು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸುವ ಕಟ್ಟಳೆ ಇತ್ತು. ಒಂದು ಸಲ ರಾಮಾಜ್ಜಿನಿಯವರ ಮನೆಗೂ ಆ ಕೆಲಸದವರು ಬಂದರು. ಅವರಲ್ಲಿ ಒಬ್ಬ ಉಸಿರು ಕಟ್ಟಿಕೊಂಡವನಂತೆ, ತೀರಾ ಅವಸರದಿಂದ ಮೊಗೆಯುತ್ತಿದ್ದ. ಅಷ್ಟು ಹೀನವಾದ ಕೆಲಸದಲ್ಲಿ ಅವನು ಪಡುತ್ತಿದ್ದ ಪಾಡು ಕಂಡು ಪ್ರಾಧ್ಯಾಪಕರಿಗೆ ಮರುಕ ಹುಟ್ಟಿತು. ನಿಧಾನವಾಗಿ ಮಾಡಿದರೆ ಆಯಾಸ ಕಡಿಮೆಯಾಗುವುದಲ್ಲವೇ, ಯಾಕಿಷ್ಟು ಅವಸರ ಎಂದು ವಿಚಾರಿಸಿದರು.

ಆ ಮನುಷ್ಯ ಗುಂಡಿಯೊಳಗಿಂದ ಕಣ್ಣೆತ್ತಿ ನೋಡಿದ. ಈ ಜಾಗದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಇದ್ದರೆ ಏನಾಗುತ್ತದೆಂದು ಇಳಿದವನಿಗೆ ಮಾತ್ರ ಗೊತ್ತು, ಕಣ್ಣೇ ಹೋಗುತ್ತದೆ ಎಂದು ತಿಳಿಸಿದ. ಅವನು ಮೇಲೆ ಬಂದ ಮೇಲೆ ರಾಮಾಜ್ಜಿನಿಯವರು ಅವನ ಕಣ್ಣುಗಳನ್ನು ಪರೀಕ್ಷಿಸಿದರು. ಕೆಂಪಗೆ ಉರಿದು ಮಂಜಾಗಿದ್ದವು. ಇದಕ್ಕೇನು ಮದ್ದು ಮಾಡುತ್ತೀರಿ ಎಂದು ಕೇಳಿದಾಗ, ಮನೆಗೆ ಹೋಗಿ ಕತ್ತಲೆ ಕೋಣೆಯಲ್ಲಿ ಕುಳಿತು ಉಗುರುಬೆಚ್ಚಗಿನ ನೀರಿನಿಂದ ತೊಳೆಯುವುದಷ್ಟೇ ತಿಳಿದದ್ದು ಎಂಬ ಉತ್ತರ ಬಂತು. ಬಳಿಕ ರಾಮಾಜ್ಜಿನಿಯವರು ಪಟ್ಟಣದಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡರನ್ನು ಗಮನಿಸಿದರು. ಹಿಂದೆ ಇದೇ ಗುಂಡಿಗಳಿಗೆ ಇಳಿಯುತ್ತಿದ್ದವರು ಅವರಲ್ಲಿ ಹಲವರಿದ್ದರು.

ಎಷ್ಟೋ ವೈದ್ಯರು ಆ ಭಿಕ್ಷುಕರಿಗೆ ಕಾಸು ಹಾಕಿ ಮುಂದೆ ಹೋಗಿದ್ದರು. ಆ ಕಣ್ಣು ಹೋದದ್ದು ಯಾವ ಕೆಲಸದಿಂದ ಎಂದು ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ.

ಮೂರು ಕಾಲಿನ ಮಣೆ

ಅಂದಿನಿಂದ ರಾಮಾಜ್ಜಿನಿಯವರು ಕುಶಲಕರ್ಮಿಗಳ ಅಂಗಡಿ, ಭಟ್ಟಿ, ಕುಲುಮೆಗಳಿಗೆ ಹೋಗತೊಡಗಿದರು. ಪ್ರಾಧ್ಯಾಪಕರು ಅಂಥ ಜಾಗಗಳಿಗೆ ಕಾಲಿಡುವುದು ಆಗ ಮರ್ಯಾದೆಯ ಮಾತಾಗಿರಲಿಲ್ಲ. ಅವರು ಅದನ್ನು ಲೆಕ್ಕಿಸಲಿಲ್ಲ. ಕುಂಬಾರರ ಕೈ ನಡುಗುವುದು ಮೆರುಗಿಗೆ ಬಳಸುವ ಸೀಸದಿಂದ ಎಂದು ಕಂಡರು. ಚಿನ್ನದ ಮುಲಾಮು ಹಾಕುವವರು ಪಾದರಸದ ಹೊಗೆ ಕುಡಿದು ಕುಗ್ಗುವುದನ್ನು ಕಂಡರು. ಹಿಟ್ಟಿನ ಗಿರಣಿಯವರ ಉಬ್ಬಸ, ಅಗಸಗಿತ್ತಿಯರ ಬಿರುಕುಬಿಟ್ಟ ಕೈ, ದಿನವಿಡೀ ಬಾಗಿ ಕೂರುವ ದರ್ಜಿಗಳ ಬೆನ್ನು, ಸೂಲಗಿತ್ತಿಯರು, ಹೆಣ ಹೊರುವವರು, ಗಣಿಗೆ ಇಳಿಯುವವರು, ಎಲ್ಲರ ಕಷ್ಟವನ್ನೂ ಬರೆದುಕೊಂಡರು. ಕನ್ಯಾಸ್ತ್ರೀಯರ ಮಠಗಳನ್ನೂ ಬಿಡಲಿಲ್ಲ. ಸ್ತನದ ಕ್ಯಾನ್ಸರ್ ಇತರ ಹೆಂಗಸರಿಗಿಂತ ಅವರಲ್ಲಿ ಹೆಚ್ಚು ಕಾಣುತ್ತದೆ ಎಂದು ಗುರುತಿಸಿದರು. ಹೆರದ, ಹಾಲೂಡಿಸದ ಹೆಂಗಸರಲ್ಲಿ ಆ ರೋಗದ ಅಪಾಯ ಸ್ವಲ್ಪ ಹೆಚ್ಚೆಂದು ಇಂದಿನ ವೈದ್ಯವಿಜ್ಞಾನವೂ ಒಪ್ಪುತ್ತದೆ.

ಇವೆಲ್ಲವೂ ಸೇರಿ 1700ರಲ್ಲಿ ಕೆಲಸಗಾರರ ರೋಗಗಳ ಕುರಿತ ಒಂದು ಲ್ಯಾಟಿನ್ ಪುಸ್ತಕವಾಯಿತು. ದೊರೆಗಳ ವಾತರೋಗದ ಬಗ್ಗೆ ಬರೆದವರು ಬಹಳ ಮಂದಿ ಇದ್ದರು. ದುಡಿಯುವವರ ರೋಗಗಳನ್ನೇ ಒಂದೊಂದು ಕಸುಬಿಗೆ ಒಂದೊಂದು ಅಧ್ಯಾಯದಂತೆ ಹೀಗೆ ಇಡಿಯಾಗಿ ಬರೆದ ಮೊದಲ ಪುಸ್ತಕ ಇದು.

ಅದರ ಮುನ್ನುಡಿಯಲ್ಲಿ ಅವರು ವೈದ್ಯರಿಗೆ ಎರಡು ಬುದ್ಧಿಮಾತು ಹೇಳುತ್ತಾರೆ. ಬಡವನ ಮನೆಗೆ ಹೋದ ವೈದ್ಯ ಬಂದ ತಕ್ಷಣ ನಾಡಿ ಹಿಡಿದು ಹೊರಟುಬಿಡಬಾರದು. ಚಿನ್ನದ ಕುರ್ಚಿ ಇಲ್ಲದಿದ್ದರೆ ಮೂರು ಕಾಲಿನ ಮಣೆಯ ಮೇಲಾದರೂ ಕುಳಿತು, ಸಾವಧಾನವಾಗಿ ವಿಚಾರಿಸಬೇಕು. ಇದು ಒಂದು. ಇನ್ನೊಂದು, ಪ್ರಾಚೀನ ಗ್ರೀಸಿನ ಹಿಪ್ಪೊಕ್ರೆಟಿಸರ ಕಾಲದಿಂದ ವೈದ್ಯರು ರೋಗಿಗೆ ಕೇಳುತ್ತಾ ಬಂದಿರುವ ಪ್ರಶ್ನೆಗಳ ಪಟ್ಟಿಗೆ ಹೊಸದೊಂದು ಪ್ರಶ್ನೆಯನ್ನು ಸೇರಿಸಬೇಕು. ನೀವು ಏನು ಕೆಲಸ ಮಾಡುತ್ತೀರಿ ಎಂಬುದೇ ಆ ಪ್ರಶ್ನೆ. ಇಂದು ಲೋಕದ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲೂ ಈ ಪ್ರಶ್ನೆಯನ್ನು ಕಲಿಸುತ್ತಾರೆ. ರಾಮಾಜ್ಜಿನಿಯವರನ್ನು ಔದ್ಯೋಗಿಕ ವೈದ್ಯಶಾಸ್ತ್ರದ ಪಿತಾಮಹರೆಂದು ಕರೆಯುತ್ತಾರೆ.

ಕಲ್ಲುಕುಟಿಗರ ಅಧ್ಯಾಯ

ಆ ಪುಸ್ತಕದಲ್ಲಿ ನಮ್ಮವರ ಅಧ್ಯಾಯವೂ ಇದೆ. ಕಲ್ಲು ಒಡೆಯುವವರು, ಕಡಿಯುವವರು, ಶಿಲ್ಪಿಗಳು ಉಳಿಯಿಂದ ಹಾರುವ ಚೂಪಾದ ಸಣ್ಣ ಚೂರುಗಳನ್ನು ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುತ್ತಾರೆ, ಅದರಿಂದ ಕೆಮ್ಮು ಹತ್ತುತ್ತದೆ, ಕೆಲವರಿಗೆ ಉಬ್ಬಸ ಬರುತ್ತದೆ, ಕೆಲವರು ಕ್ಷಯ ಹಿಡಿದವರಂತೆ ಸೊರಗುತ್ತಾರೆ ಎಂದು ರಾಮಾಜ್ಜಿನಿಯವರು ಬರೆದರು. ಇದಕ್ಕೆ ಸಾಕ್ಷಿಯಾಗಿ ಹಾಲೆಂಡಿನ ವೈದ್ಯ ಡೀಮರ್‌ಬ್ರೂಕ್ ಅವರ ಅನುಭವವನ್ನು ಎತ್ತಿಕೊಂಡರು. ಸತ್ತ ಕಲ್ಲುಕುಟಿಗರ ದೇಹವನ್ನು ಕೊಯ್ದು ನೋಡಿದಾಗ ಶ್ವಾಸಕೋಶದೊಳಗೆ ಮರಳು ರಾಶಿಯಾಗಿತ್ತು. ಕತ್ತಿ ಮಾಂಸದಲ್ಲಿ ಅಲ್ಲ, ಮರಳಿನಲ್ಲಿ ಹೋದಂತಿತ್ತು. ಒಬ್ಬ ಕಲ್ಲುಕುಟಿಗ ಮೇಸ್ತ್ರಿ ಆ ವೈದ್ಯರಿಗೆ ಇನ್ನೊಂದು ಸಂಗತಿ ತಿಳಿಸಿದ್ದ. ಅವನ ಕೆಲಸದ ಕೊಟ್ಟಿಗೆಯಲ್ಲಿ ಎತ್ತಿನ ಮೂತ್ರಕೋಶದ ಚೀಲವನ್ನು ತೂಗುಹಾಕಿದ್ದರು. ಕಲ್ಲಿನ ಪುಡಿ ಎಷ್ಟು ನಯವೆಂದರೆ ಅದು ಚೀಲದ ಒಳಗೂ ಸೇರಿ, ವರ್ಷ ಕಳೆಯುವಷ್ಟರಲ್ಲಿ ಒಂದು ಹಿಡಿಯಷ್ಟಾಗಿತ್ತು. ಕಲ್ಲುಕುಟಿಗರನ್ನು ಮೆಲ್ಲಮೆಲ್ಲನೆ ಕೊಲ್ಲುವುದು ಇದೇ ಪುಡಿಯೆಂದು ಆ ಮೇಸ್ತ್ರಿಗೆ ಗೊತ್ತಿತ್ತು.

ಧೂಳು ಒಳಗೆ ಹೋಗುತ್ತದೆ, ಮನುಷ್ಯ ಸಾಯುತ್ತಾನೆ. ಇಷ್ಟು ರಾಮಾಜ್ಜಿನಿಯವರಿಗೆ ತಿಳಿದಿತ್ತು. ಇವೆರಡರ ನಡುವೆ ಏನು ನಡೆಯುತ್ತದೆ ಎಂಬುದು ಅವರ ಕಾಲಕ್ಕೆ ಕಾಣುವಂತಿರಲಿಲ್ಲ. ಅವರ ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ, ಆಮೇಲಿನವರು ಕಂಡುಕೊಂಡದ್ದನ್ನು ಹೇಳುತ್ತೇವೆ. ಇದನ್ನು ತಿಳಿದರೆ ನಮ್ಮ ಮನೆಯ ಗಂಡಸರ ಕೆಮ್ಮು ಅರ್ಥವಾಗುತ್ತದೆ.

ಕಾವಲುಗಾರನೇ ಸೋತಾಗ

ರಾಮಾಜ್ಜಿನಿಯವರು ತೀರಿಕೊಂಡು 168 ವರ್ಷಗಳಾದ ಮೇಲೆ, 1882ರಲ್ಲಿ, ಇಟಲಿಯದೇ ಮೆಸ್ಸಿನಾ ಪಟ್ಟಣದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ವಿಜ್ಞಾನಿ ಒಂದು ಸಣ್ಣ ಪ್ರಯೋಗ ಮಾಡಿದರು. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿಯ ಮುಳ್ಳು ಚುಚ್ಚಿದರು. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮುಳ್ಳಿನ ಸುತ್ತ ಓಡಾಡುವ ಜೀವಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗಿ ದೇಹವನ್ನು ಕಾಯುವ ಕೋಶಗಳಿವೆ ಎಂದು ಹೀಗೆ ತಿಳಿಯಿತು. ಇವುಗಳಲ್ಲಿ ದೊಡ್ಡವಕ್ಕೆ ಮ್ಯಾಕ್ರೋಫೇಜ್ ಎಂದು ಹೆಸರಾಯಿತು. ದೊಡ್ಡ ತಿನ್ನುಬಾಕ ಎಂದು ಅದರ ಅರ್ಥ. 1908ರಲ್ಲಿ ಮೆಚ್ನಿಕಾಫರಿಗೆ ನೊಬೆಲ್ ಬಹುಮಾನದ ಪಾಲು ಸಿಕ್ಕಿತು.

ನಮ್ಮ ಶ್ವಾಸಕೋಶದ ತುದಿಯಲ್ಲಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಿವೆ. ಅವುಗಳ ಒಳಗೆ ಮ್ಯಾಕ್ರೋಫೇಜ್‌ಗಳು ಹಗಲೂ ರಾತ್ರಿಯೂ ಗಸ್ತು ತಿರುಗುತ್ತಿರುತ್ತವೆ. ಒಲೆಯ ಮಸಿ, ರೋಗಾಣು, ಹೂವಿನ ಪರಾಗ, ಏನು ಬಂದರೂ ನುಂಗಿ ಅರಗಿಸುತ್ತವೆ, ಇಲ್ಲವೇ ಹೊರಗೆ ಸಾಗಿಸುತ್ತವೆ.

ಗ್ರಾನೈಟ್ ಕಲ್ಲಿನಲ್ಲಿ ಶೇಕಡ 20ಕ್ಕಿಂತ ಹೆಚ್ಚು ಸ್ಫಟಿಕ, ಅಂದರೆ ಸಿಲಿಕಾ ಇರುತ್ತದೆ. ಡ್ರಿಲ್ ಹಾಕಿದಾಗ, ಕಟಿಂಗ್ ಮಾಡಿದಾಗ, ಕ್ರಷರ್‌ನಲ್ಲಿ ಜಲ್ಲಿ ಒಡೆದಾಗ ಅದು ಧೂಳಾಗಿ ಏಳುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲೇ ನಿಲ್ಲುತ್ತದೆ. ನಮ್ಮ ತಲೆಗೂದಲಿನ ದಪ್ಪಕ್ಕಿಂತ ಹತ್ತಾರು ಪಾಲು ಚಿಕ್ಕದಾದ, ಕಣ್ಣಿಗೆ ಕಾಣದ ಕಣಗಳೇ ಗಾಳಿಚೀಲದವರೆಗೆ ಇಳಿಯುವುದು.

ಮ್ಯಾಕ್ರೋಫೇಜ್ ಆ ಕಣವನ್ನೂ ನುಂಗುತ್ತದೆ. ಆದರೆ ಕಲ್ಲು ಅರಗುವುದಿಲ್ಲ. ಕೋಶದೊಳಗೆ ಆಹಾರ ಅರಗಿಸುವ ಸಣ್ಣ ಚೀಲಗಳಿರುತ್ತವೆ. ಸಿಲಿಕಾ ಕಣ ಆ ಚೀಲವನ್ನು ಹರಿದು ಹಾಕುತ್ತದೆ. ಒಳಗಿನ ಜೀರ್ಣರಸ ಸೋರಿ, ಮ್ಯಾಕ್ರೋಫೇಜ್ ತನ್ನ ರಸದಿಂದಲೇ ತಾನು ಸಾಯುತ್ತದೆ. ಕಣ ಮತ್ತೆ ಹೊರಗೆ ಬೀಳುತ್ತದೆ. ಇನ್ನೊಂದು ಮ್ಯಾಕ್ರೋಫೇಜ್ ಬಂದು ಅದನ್ನೇ ನುಂಗುತ್ತದೆ, ಅದೂ ಸಾಯುತ್ತದೆ. ಕಣ ಮಾತ್ರ ಹಾಗೇ ಉಳಿಯುತ್ತದೆ.

ಸಾಯುವ ಮುಂಚೆ ಈ ಕೋಶಗಳು ಸುಮ್ಮನಿರುವುದಿಲ್ಲ. ಕೆರಳಿದ ಮ್ಯಾಕ್ರೋಫೇಜ್ ಎರಡು ಬಗೆಯ ಕೂಗು ಹಾಕುತ್ತದೆ. ಒಂದು ಯುದ್ಧದ ಕೂಗು. ಅದನ್ನು ಕೇಳಿ ಇನ್ನಷ್ಟು ರಕ್ಷಣಾ ಕೋಶಗಳು ಬಂದು ಸೇರುತ್ತವೆ, ಉರಿಯೂತ ಹೆಚ್ಚುತ್ತದೆ. ಇನ್ನೊಂದು ದುರಸ್ತಿಯ ಕೂಗು. ಅದಕ್ಕೆ ಓಗೊಟ್ಟು ನಾರು ನೇಯುವ ಕೋಶಗಳು ಬಂದು, ಗಾಯಕ್ಕೆ ತೇಪೆ ಹಾಕಲು ಕೊಲಾಜೆನ್ ಎಂಬ ನಾರನ್ನು ಹೆಣೆಯುತ್ತವೆ. ಕೈ ಕುಯ್ದುಕೊಂಡರೆ ಕಲೆಯಾಗಿ ಮಾಯುವುದು ಇದೇ ಕೆಲಸದಿಂದ. ಅಲ್ಲಿ ಗಾಯ ಮಾಯ್ದ ಮೇಲೆ ಕೂಗು ನಿಲ್ಲುತ್ತದೆ. ಇಲ್ಲಿ ಕಲ್ಲಿನ ಕಣ ಇರುವ ತನಕ ಕೂಗು ನಿಲ್ಲುವುದಿಲ್ಲ, ನೇಯ್ಗೆಯೂ ನಿಲ್ಲುವುದಿಲ್ಲ. ಸ್ಪಂಜಿನಂತೆ ಮೆತ್ತಗಿರಬೇಕಾದ ಶ್ವಾಸಕೋಶ ಗಂಟುಗಂಟಾಗಿ ಚರ್ಮದ ಚಪ್ಪಲಿಯಂತೆ ಬಿಗಿಯುತ್ತದೆ. ಇದಕ್ಕೆ ಶ್ವಾಸಕೋಶದ ನಾರುಗಟ್ಟುವಿಕೆ ಅಥವಾ ಫೈಬ್ರೋಸಿಸ್ ಎನ್ನುತ್ತಾರೆ. ಸಿಲಿಕಾದಿಂದ ಬಂದದ್ದಾದರೆ ಅದರ ಹೆಸರು ಸಿಲಿಕೋಸಿಸ್. ಸಿಲಿಕಾ ತಿಂದ ಮ್ಯಾಕ್ರೋಫೇಜ್‌ಗಳು ಬಿಡುವ ರಸವೇ ನಾರಿನ ಕೋಶಗಳನ್ನು ದುಡಿಸುತ್ತದೆ ಎಂದು 1967ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಲಾಯಿತು.

ಇದರಿಂದ ಎರಡು ಸಂಗತಿ ಅರ್ಥವಾಗುತ್ತವೆ. ಕ್ವಾರಿ ಬಿಟ್ಟು ಹಲವು ವರ್ಷಗಳಾದ ಮೇಲೂ ರೋಗ ಏಕೆ ಬೆಳೆಯುತ್ತದೆ ಎಂಬುದು ಮೊದಲನೆಯದು. ಕೆಲಸ ಬಿಟ್ಟರೂ ಕಣ ಎದೆ ಬಿಟ್ಟು ಹೋಗಿರುವುದಿಲ್ಲ. ಎರಡನೆಯದು ಟಿ.ಬಿ.ಯ ಮಾತು. ಟಿ.ಬಿ. ರೋಗಾಣುವನ್ನು ಹಿಡಿದಿಡಬೇಕಾದದ್ದೂ ಇದೇ ಮ್ಯಾಕ್ರೋಫೇಜ್. ಅದು ಸೋತ ಎದೆಯಲ್ಲಿ ಟಿ.ಬಿ. ಸುಲಭವಾಗಿ ಮನೆ ಮಾಡುತ್ತದೆ. ಆದ್ದರಿಂದ ಕಲ್ಲಿನ ಕೆಲಸದವರಿಗೆ ಸಿಲಿಕೋಸಿಸ್ ಮಾತ್ರ ಇರಬಹುದು, ಟಿ.ಬಿ. ಮಾತ್ರ ಇರಬಹುದು, ಎರಡೂ ಸೇರಿರಬಹುದು. ಎಕ್ಸ್‌ರೇಯಲ್ಲಿ ಒಂದು ಇನ್ನೊಂದರಂತೆ ಕಾಣಬಹುದು. ವೈದ್ಯರಿಗೆ ದಾರಿ ತೋರಿಸುವುದು ರಾಮಾಜ್ಜಿನಿಯವರ ಆ ಒಂದು ಪ್ರಶ್ನೆ.

ಕೋಲಾರದಿಂದ ಕೃಷ್ಣಗಿರಿಯವರೆಗೆ

ಇದು ದೂರದ ಇಟಲಿಯ ಮಾತಲ್ಲ. ನಮ್ಮ ದೇಶದಲ್ಲಿ ಸಿಲಿಕೋಸಿಸ್ ಮೊದಲು ಬೆಳಕಿಗೆ ಬಂದದ್ದು ನಮಗೆ ಹತ್ತಿರದ ಕೋಲಾರ ಚಿನ್ನದ ಗಣಿಯಲ್ಲಿ, ಆಗಿನ ಮೈಸೂರು ಸಂಸ್ಥಾನದಲ್ಲಿ. 1940ರ ದಶಕದಲ್ಲಿ ಅಲ್ಲಿಯ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ 10ರಲ್ಲಿ 4ಕ್ಕಿಂತ ಹೆಚ್ಚು ಮಂದಿಗೆ ಈ ರೋಗ ಕಂಡಿತು. ಚಿನ್ನ ಇದ್ದದ್ದು ಸ್ಫಟಿಕದ ಕಲ್ಲಿನೊಳಗೆ, ಅದನ್ನು ಒಡೆದವರ ಎದೆಯಲ್ಲಿ ಉಳಿದದ್ದು ಸ್ಫಟಿಕ. 2001ರಲ್ಲಿ ಆ ಗಣಿ ಮುಚ್ಚಿತು.

ನಮ್ಮ ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಲೋಕವೆಲ್ಲ ಹೋಗುತ್ತದೆ. ಇಲ್ಲಿಯ ಒಂದು ಬಗೆಯ ಕಲ್ಲಿಗೆ ಮಾರುಕಟ್ಟೆಯಲ್ಲಿ ಪ್ಯಾರಡಿಸೊ ಎಂದು ಹೆಸರು. ಇಟಾಲಿಯನ್ ಭಾಷೆಯಲ್ಲಿ ಅದಕ್ಕೆ ಸ್ವರ್ಗ ಎಂದು ಅರ್ಥ, ಅಂದರೆ ರಾಮಾಜ್ಜಿನಿಯವರ ಮಾತೃಭಾಷೆಯ ಪದ. ಆ ಕಲ್ಲನ್ನು ಕಡಿದು, ಸೀಳಿ, ಹೊಳಪು ಕೊಡುವ ಕೈಗಳಲ್ಲಿ ತಮಿಳರು, ತೆಲುಗರು, ನಮ್ಮ ಕನ್ನಡದವರು, ಈಗ ಉತ್ತರದ ರಾಜ್ಯಗಳಿಂದ ಬಂದ ಹುಡುಗರು, ಎಲ್ಲರೂ ಇದ್ದಾರೆ.

ನಮಗೆ ತಿಳಿದ ಒಬ್ಬ ಮಾವ 18 ವರ್ಷ ಡ್ರಿಲ್ ಹಿಡಿದವರು. ಬೇರೆ ಬೇರೆ ಕಡೆ ಮೂರು ಸಲ ಟಿ.ಬಿ. ಔಷಧಿ ತೆಗೆದುಕೊಂಡರು. ಕಫ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಏನು ಕೆಲಸ ಎಂದು ಯಾರೂ ಕೇಳಿರಲಿಲ್ಲ. ಇವರೂ ಹೇಳಿರಲಿಲ್ಲ. ಅವರಿಗೆ ಬರುವುದು ಕನ್ನಡ, ಚೀಟಿ ಬರೆಯುವವರಿಗೆ ಬರುವುದು ತಮಿಳು ಮತ್ತು ಇಂಗ್ಲಿಷ್. ಎದುರಿಗೆ ಉದ್ದನೆಯ ಸಾಲು ಬೇರೆ. ಅತ್ತೆ ಕೊನೆಗೊಮ್ಮೆ ಕೈಸನ್ನೆಯಲ್ಲಿ ಡ್ರಿಲ್ ಹಿಡಿಯುವುದನ್ನು ತೋರಿಸಿದ ಮೇಲೆ ಒಬ್ಬ ಯುವ ವೈದ್ಯರಿಗೆ ವಿಷಯ ಹೊಳೆಯಿತು. ಅಷ್ಟರಲ್ಲಿ ಬಹಳ ಕಾಲ ಕಳೆದಿತ್ತು. ತಪ್ಪು ಯಾರ ಮೇಲೆಂದು ಹೇಳಲು ಇದನ್ನು ಬರೆಯುತ್ತಿಲ್ಲ. 300 ವರ್ಷದ ಹಿಂದೆ ಪಟ್ಟಿಗೆ ಸೇರಿದ ಪ್ರಶ್ನೆ ಇಂದಿಗೂ ಸಾಲಿನ ಗಡಿಬಿಡಿಯಲ್ಲಿ, ಭಾಷೆಯ ಸಂದಿಯಲ್ಲಿ ಬಿದ್ದುಹೋಗುತ್ತದೆ ಎಂದು ತಿಳಿಸಲು ಬರೆಯುತ್ತಿದ್ದೇವೆ.

ಪದುವಾದ ಮುದುಕ

ರಾಮಾಜ್ಜಿನಿಯವರ ಕಡೆಗೆ ಮರಳೋಣ. ಪುಸ್ತಕ ಬಂದ ಅದೇ 1700ರಲ್ಲಿ ವೆನಿಸ್ ಗಣರಾಜ್ಯ ಅವರನ್ನು ಪದುವಾ ವಿಶ್ವವಿದ್ಯಾಲಯಕ್ಕೆ ಕರೆಯಿತು. ಗೆಲಿಲಿಯೊ ಪಾಠ ಹೇಳಿದ್ದ ವಿಶ್ವವಿದ್ಯಾಲಯ ಅದು. ಬೇರೆಯವರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, 67ರ ಹೊತ್ತಿಗೆ, ಅವರು ಊರು ಬಿಟ್ಟು ಹೊಸ ಕೆಲಸಕ್ಕೆ ಹೊರಟರು.

ಅಲ್ಲಿ ಅವರ ಆರೋಗ್ಯ ಕುಸಿಯಿತು. ಎದೆಬಡಿತ, ತಲೆನೋವು ಕಾಡಿದವು, ಕಣ್ಣು ಮಂಜಾಗುತ್ತಾ ಬಂತು. ಗುಂಡಿಗೆ ಇಳಿಯುವವರ ಕಣ್ಣಿನ ಬಗ್ಗೆ ಮೊದಲು ಕೇಳಿದವರಿಗೇ ಕೊನೆಗಾಲದಲ್ಲಿ ಕಣ್ಣು ಕಾಣದಾಯಿತು. ಕೆಲಸ ಬಿಡುತ್ತೇನೆಂದರೂ ವೆನಿಸ್ ಸರ್ಕಾರ ಬಿಡಲಿಲ್ಲ. ಆ ಸ್ಥಿತಿಯಲ್ಲೂ ಅವರು ಪುಸ್ತಕಕ್ಕೆ ಇನ್ನೂ ಹಲವು ಕಸುಬುಗಳ ಅಧ್ಯಾಯ ಸೇರಿಸಿ 1713ರಲ್ಲಿ ಎರಡನೇ ಮುದ್ರಣ ಹೊರತಂದರು. ಒಟ್ಟು 50ಕ್ಕೂ ಹೆಚ್ಚು ಕಸುಬುಗಳು ಅದರಲ್ಲಿ ಸೇರಿದವು.

1714ರ ನವೆಂಬರ್ 5ರಂದು, ವಿದ್ಯಾರ್ಥಿಗಳಿಗೆ ಪಾಠ ಹೇಳಲು ಹೊರಡುವ ಹೊತ್ತಿನಲ್ಲಿ, ಪಾರ್ಶ್ವವಾಯು ಬಡಿದು ಅವರು ತೀರಿಕೊಂಡರು. ಆಗ ಅವರಿಗೆ 81 ವರ್ಷ. ಮೃತರಿಗಾಗಿ ಧರ್ಮಸಭೆ ಪ್ರಾರ್ಥಿಸುವ ದಿನ ಕಳೆದು ಮೂರು ದಿನವಾಗಿತ್ತು.

ಅವರು ಯಾವ ಹೊಸ ಔಷಧಿಯನ್ನೂ ಕಂಡುಹಿಡಿಯಲಿಲ್ಲ. ಕಲ್ಲುಕುಟಿಗರಿಗೆ ಅವರು ಕೊಡಲು ಸಾಧ್ಯವಾದದ್ದು ಒಂದೇ ಸಲಹೆ, ಆದಷ್ಟು ಪುಡಿಯನ್ನು ಉಸಿರಾಡದಂತೆ ನೋಡಿಕೊಳ್ಳಿ ಎಂಬುದು. ಇಷ್ಟು ವರ್ಷದ ಮೇಲೂ ಸಿಲಿಕೋಸಿಸನ್ನು ಗುಣಪಡಿಸುವ ಔಷಧಿ ಇಲ್ಲ. ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ. ಆದ್ದರಿಂದ ಅವರ ಸಲಹೆಯೇ ಇಂದಿಗೂ ಮೊದಲ ಮದ್ದು. ಒಣಗಿದ ಕಲ್ಲಿಗೆ ಡ್ರಿಲ್ ಹಾಕದೆ ನೀರು ಬಿಟ್ಟು ಕೊರೆಯಬೇಕು. ಧೂಳನ್ನು ಒಣ ಪೊರಕೆಯಲ್ಲಿ ಗುಡಿಸದೆ ನೀರು ಚಿಮುಕಿಸಬೇಕು. ಮುಖಕ್ಕೆ ಕಟ್ಟುವ ಟವೆಲ್ ಈ ಸಣ್ಣ ಕಣವನ್ನು ತಡೆಯುವುದಿಲ್ಲ, ಎನ್-95 ಅಥವಾ ಅದಕ್ಕಿಂತ ಉತ್ತಮವಾದ ಮಾಸ್ಕ್ ಬೇಕು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು. ಬೀಡಿ ಸಿಗರೇಟು ಬಿಡಬೇಕು. ಕಲ್ಲಿನ ಕೆಲಸದವರು ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಿಕೊಳ್ಳುವುದು ಒಳ್ಳೆಯದು. ಟಿ.ಬಿ. ಎಂದು ಖಚಿತವಾದವರು ಔಷಧಿಯನ್ನು ಒಂದು ದಿನವೂ ತಪ್ಪಿಸದೆ ಮುಗಿಸಲೇಬೇಕು, ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತದೆ. ನಮ್ಮ ದೇಶದ ಕಾನೂನಿನಲ್ಲಿ ಸಿಲಿಕೋಸಿಸ್ ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿದೆ. ಅದನ್ನು ಗುರುತಿಸಿದ ವೈದ್ಯರು ಸರ್ಕಾರಕ್ಕೆ ತಿಳಿಸಬೇಕು, ಕಾರ್ಮಿಕನಿಗೆ ಪರಿಹಾರ ಕೇಳುವ ಹಕ್ಕಿದೆ. ಆದರೆ ಹೆಸರಿಡದ ರೋಗಕ್ಕೆ ಪರಿಹಾರವಿಲ್ಲ, ಕೆಲಸ ಕೇಳದೆ ಆ ಹೆಸರು ಬರುವುದಿಲ್ಲ.

ಒಂದು ಚೀಟಿ

ಆದ್ದರಿಂದ ನಾವು ಯುವಜನರು ಈ ತಿಂಗಳು ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿದ್ದೇವೆ. ಕ್ವಾರಿ, ಕ್ರಷರ್, ಪಾಲಿಶ್ ಫ್ಯಾಕ್ಟರಿ, ಕೋಲಾರದ ಗಣಿ, ಎಲ್ಲೇ ದುಡಿದವರಿರಲಿ, ಅಂಥ ಪ್ರತಿಯೊಬ್ಬರಿಗೂ ಒಂದು ಚೀಟಿ ಬರೆದುಕೊಡುತ್ತೇವೆ. ಯಾವ ಕೆಲಸ, ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಒಣ ಡ್ರಿಲ್ಲೋ ನೀರಿನ ಡ್ರಿಲ್ಲೋ, ಕೆಮ್ಮು ಯಾವಾಗಿನಿಂದ, ಟಿ.ಬಿ. ಔಷಧಿ ಎಷ್ಟು ಸಲ ಎಂಬ ವಿವರ ಒಂದು ಬದಿ ತಮಿಳಿನಲ್ಲಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ಇರುತ್ತದೆ. ಆಸ್ಪತ್ರೆಗೆ ಹೋಗುವಾಗ ಆಧಾರ್ ಕಾರ್ಡಿನ ಜೊತೆ ಇದನ್ನೂ ಜೇಬಿನಲ್ಲಿಟ್ಟುಕೊಳ್ಳಿ. ವೈದ್ಯರು ಕೇಳಲು ಮರೆತರೂ ಚೀಟಿ ಹೇಳುತ್ತದೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಪಕ್ಕದ ಮರದ ಕೆಳಗೆ ಕುಳಿತಿರುತ್ತೇವೆ. ಬರಲಾಗದವರ ಮನೆಗೆ ನಾವೇ ಬರುತ್ತೇವೆ. ತಮಿಳು ಮತ್ತು ತೆಲುಗು ಯುವಜನರೂ ತಮ್ಮ ಕುಟುಂಬಗಳಿಗೆ ಇದನ್ನೇ ಮಾಡಲು ಒಪ್ಪಿದ್ದಾರೆ. ಧೂಳಿಗೆ ಭಾಷೆಯ ಭೇದವಿಲ್ಲ.

ಪ್ರಭು ಯೇಸು ಬಡಗಿಯ ಮನೆಯಲ್ಲಿ ಬೆಳೆದವರು. ಮರದ ಹೊಟ್ಟಿನ ನಡುವೆ ಕೆಲಸ ಮಾಡಿದ ಸಂತ ಜೋಸೆಫರ ಕೆಮ್ಮನ್ನು ಅವರೂ ಕೇಳಿರಬಹುದು. ದುಡಿಯುವವರ ಎದೆಯ ಸದ್ದು ಅವರಿಗೆ ಹೊಸದಲ್ಲ.

ಈ ನವೆಂಬರಿನಲ್ಲಿ ಜಪಸರ ಹಿಡಿದಾಗ ನಮ್ಮ ಸಮಾಧಿ ಸ್ಥಳದ ಕಲ್ಲುಕುಟಿಗರನ್ನು ನೆನೆಯಿರಿ. ಅವರ ಜೊತೆಗೆ ಬರ್ನಾರ್ದಿನೋ ರಾಮಾಜ್ಜಿನಿಯವರ ಆತ್ಮಕ್ಕೂ ಒಂದು ನಮೋ ಮರಿಯ ಹೇಳಿ. ಮನೆಗೆ ಬರುವಾಗ ನಾವು ಮಣೆ ಕೇಳುತ್ತೇವೆ, ಕುಳಿತು ಮಾತಾಡುತ್ತೇವೆ.